"ಝೀರೋ ಎಲ್ಲಪ್ಪಾ?"

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಆಪರೇಟರ್ ಅಣ್ಣ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಕೈಯಲ್ಲಿ ಪೆನ್‌ಡ್ರೈವ್ ಇತ್ತು. ಅದರಲ್ಲಿ ನಾನೇ ಕೂತು ಕ್ಯಾಮ್‌ನಲ್ಲಿ ಮಾಡಿದ ಪ್ರೋಗ್ರಾಂ ಇತ್ತು. ಸಿಮ್ಯುಲೇಷನ್ ಮೂರು ಸಲ ಓಡಿಸಿ ನೋಡಿದ್ದೆ, ಎಲ್ಲೂ ಒಂದು ಎರರ್ ಬಂದಿರಲಿಲ್ಲ. ಹಾಗಾಗಿ ಧೈರ್ಯವಾಗೇ ಹೇಳಿದೆ:

"ಮೇಲೆ, ಎಡಗಡೆ ಮೂಲೆ ಅಣ್ಣ."

"ಕಚ್ಚಾ ಪೀಸಿನ ಮೂಲೆನಾ, ಮುಗಿದ ಪಾರ್ಟಿನ ಮೂಲೆನಾ?"

ನಾನು ಸುಮ್ಮನಾದೆ.

"ಸರಿ, ಎಡಗಡೆ ಅಂದ್ರೆ ಯಾವ್ ಕಡೆ ನಿಂತು ನೋಡಿದ್ರೆ?"

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ಸೆಮಿಸ್ಟರ್ ಮೆಕ್ಯಾನಿಕಲ್ ಓದಿದವನು, ಸಿಎನ್‌ಸಿ ಲ್ಯಾಬ್‌ನಲ್ಲಿ ಒಳ್ಳೆ ಅಂಕ ತಗೊಂಡವನು, ಮೆಷಿನ್ ಮುಂದೆ ನಿಂತು ತಲೆ ಕೆರೆದುಕೊಂಡೆ. ಅವತ್ತು ಸಂಜೆಯೊಳಗೆ ಒಂದು ಪಾರ್ಟನ್ನೂ ಹಾಳು ಮಾಡಿದೆ. ಆ ಕತೆ ಹೇಳ್ತೀನಿ. ಆದರೆ ಕತೆ ಹೇಳೋಕಷ್ಟೇ ಈ ಲೇಖನ ಬರೀತಿಲ್ಲ. ನಾನು ಹೇಳಬೇಕಾಗಿರೋದು ಒಂದೇ ಮಾತು: ನಮ್ಮ ಲ್ಯಾಬ್‌ನಲ್ಲಿ ವರ್ಕ್ ಝೀರೋ ಹಿಡಿಯುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬೇಕು, ಅದಕ್ಕೆ ಅಂಕ ಇರಬೇಕು. ಈಗ ಅದು ಇಲ್ಲ.

ಬೇರೆ ಬ್ರಾಂಚಿನ ಗೆಳೆಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಮಿಲ್ಲಿಂಗ್ ಮೆಷಿನ್‌ಗೆ ತನ್ನದೇ ಆದ ಒಂದು ಸೊನ್ನೆ ಇರುತ್ತೆ, ಅದು ಮೆಷಿನ್ ಝೀರೋ. ಅದನ್ನು ತಯಾರಕರೇ ಗೊತ್ತು ಮಾಡಿರ್ತಾರೆ, ನಾವು ಮುಟ್ಟೋ ಹಾಗಿಲ್ಲ. ಆದರೆ ನಾವು ಕತ್ತರಿಸಬೇಕಾದ ಲೋಹದ ತುಂಡು, ಅಂದ್ರೆ ಜಾಬ್, ಟೇಬಲ್ ಮೇಲೆ ಎಲ್ಲಿ ಕೂತಿದೆ ಅನ್ನೋದು ಮೆಷಿನ್‌ಗೆ ಗೊತ್ತಿರಲ್ಲ. ಅದಕ್ಕೆ ಕಣ್ಣಿಲ್ಲ. ವೈಸ್ ಎಲ್ಲಿ ಬೋಲ್ಟ್ ಮಾಡಿದ್ದೀವೋ, ಅದರಲ್ಲಿ ಜಾಬ್ ಎಷ್ಟು ಒಳಗೆ ಹೊರಗೆ ಹಿಡಿದಿದ್ದೀವೋ, ಅದೆಲ್ಲ ನಾವು ಹೇಳಿದರಷ್ಟೇ ಅದಕ್ಕೆ ತಿಳಿಯುತ್ತೆ. ಹೇಳುವ ವಿಧಾನ ಇಷ್ಟೇ: ಜಾಬ್ ಮೇಲೆ ಒಂದು ಬಿಂದುವನ್ನು ಆರಿಸಿ, ಮೆಷಿನ್ ಝೀರೋದಿಂದ ಅದು ಎಕ್ಸ್, ವೈ, ಝಡ್ ದಿಕ್ಕಿನಲ್ಲಿ ಎಷ್ಟು ದೂರ ಇದೆ ಅಂತ ಅಳೆದು ಆಫ್‌ಸೆಟ್ ಪುಟದಲ್ಲಿ ತುಂಬಬೇಕು. ಜಿ54 ಅಂತ ಪ್ರೋಗ್ರಾಂನಲ್ಲಿ ಬರೆದಾಗ ಮೆಷಿನ್ ಆ ಸಂಖ್ಯೆಗಳನ್ನು ತೆಗೆದುಕೊಳ್ಳುತ್ತೆ. ಜಿ54ರಿಂದ ಜಿ59ರವರೆಗೆ ಇಂಥ ಆರು ಜಾಗಗಳಿವೆ. ಆಮೇಲೆ ಪ್ರೋಗ್ರಾಂನ ಪ್ರತಿಯೊಂದು ಅಳತೆಯೂ ಆ ಒಂದು ಬಿಂದುವಿನಿಂದಲೇ ಶುರು.

ಊರಲ್ಲಿ ಜಮೀನು ಅಳೆಯೋಕೆ ಸರ್ವೆಯವರು ಬಂದಾಗ ನೋಡಿದ್ದೀರಾ? ಚೈನ್ ಎಳೆಯೋ ಮೊದಲು ಅವರು ಹುಡುಕೋದು ಬಾಂದು ಕಲ್ಲನ್ನು. ನಕ್ಷೆಯಲ್ಲಿ ಎಕರೆ ಗುಂಟೆ ಎಷ್ಟೇ ಸರಿಯಾಗಿ ಬರೆದಿರಲಿ, ಕಲ್ಲು ಸಿಗಲಿಲ್ಲ ಅಂದ್ರೆ ಆ ನಕ್ಷೆಯನ್ನು ನೆಲದ ಮೇಲೆ ಎಲ್ಲಿ ಇಡೋದು? ತಪ್ಪು ಕಲ್ಲು ಹಿಡಿದರೆ ಇನ್ನೂ ಕಷ್ಟ. ಅಳತೆ ಎಲ್ಲ ಸರಿ, ಬೇಲಿ ಮಾತ್ರ ಪಕ್ಕದವರ ತೋಟದಲ್ಲಿ. ವರ್ಕ್ ಝೀರೋ ಅಂದ್ರೆ ಜಾಬ್‌ನ ಬಾಂದು ಕಲ್ಲು.

ಈಗ ನನ್ನ ಕತೆಗೆ ಬರ್ತೀನಿ. ನಮ್ಮ ಕಾಲೇಜಿನ ಗಾಡಿ ತಂಡಕ್ಕೆ ಒಂದು ಬೇರಿಂಗ್ ಹೌಸಿಂಗ್ ಬೇಕಿತ್ತು. ಅಲ್ಯೂಮಿನಿಯಂ, ಮುಗಿದ ಮೇಲೆ 100 × 80 × 25 ಮಿ.ಮೀ. ಒಂದು ಕಡೆ 6204 ಬೇರಿಂಗ್ ಕೂರೋಕೆ 47 ಮಿ.ಮೀ. ವ್ಯಾಸದ, 14 ಮಿ.ಮೀ. ಆಳದ ಸೀಟ್. ಮಧ್ಯೆ ಶಾಫ್ಟ್ ಹಾಯೋಕೆ 25 ಮಿ.ಮೀ. ತೂತು. ಹಿಂದಿನ ಕಡೆ ಆಯಿಲ್ ಸೀಲ್‌ಗೆ 35 ಮಿ.ಮೀ. ವ್ಯಾಸದ, 7 ಮಿ.ಮೀ. ಆಳದ ಇನ್ನೊಂದು ಸೀಟ್. ಎರಡೂ ಒಂದೇ ನೇರದಲ್ಲಿ ಇರಬೇಕು, ಶಾಫ್ಟ್ ಒಂದೇ ತಾನೆ! ನಾಲ್ಕು ಜನ ದುಡ್ಡು ಹಾಕಿ ಒಂದೇ ಒಂದು ತುಂಡು ತಂದಿದ್ವಿ. ಇಂಟರ್ನ್‌ಶಿಪ್ ಮಾಡ್ತಿದ್ದ ವರ್ಕ್‌ಶಾಪ್‌ನ ಓನರ್ ಒಳ್ಳೆಯವರು, "ಶಿಫ್ಟ್ ಮುಗಿದ ಮೇಲೆ ಮಾಡ್ಕೊಳ್ಳಿ" ಅಂತ ಮೆಷಿನ್ ಕೊಟ್ಟರು.

ಕ್ಯಾಮ್‌ನಲ್ಲಿ ನಾನು ಸ್ಟಾಕ್ ಹಾಕಿದ್ದು 105 × 85 × 32. ಅಂದ್ರೆ ಮುಗಿದ ಪಾರ್ಟಿನ ಸುತ್ತ ನಾಲ್ಕೂ ಕಡೆ ಎರಡೂವರೆ ಮಿ.ಮೀ., ಮೇಲೆ 2, ಕೆಳಗೆ 5. ಝೀರೋ ಇಟ್ಟಿದ್ದು ಮುಗಿದ ಪಾರ್ಟಿನ ಮೂಲೆಯಲ್ಲಿ. ಅದನ್ನು ನಾನು ಆರಿಸಿದ್ದೂ ಅಲ್ಲ. ಕ್ಲಿಕ್ ಮಾಡಿದಾಗ ಅದು ಅಲ್ಲಿ ಕೂತಿತ್ತು, ನಾನು ಮುಂದಕ್ಕೆ ಹೋಗಿದ್ದೆ.

ಮೆಷಿನ್ ಹತ್ತಿರ ಕಚ್ಚಾ ತುಂಡಿನ ಹೊರ ಮೂಲೆಯನ್ನೇ ಮುಟ್ಟಿಸಿ ಝೀರೋ ತಗೊಂಡೆ. ಸೈಕಲ್ ಸ್ಟಾರ್ಟ್ ಒತ್ತಿದರೆ ಫೇಸ್ ಮಿಲ್ ತುಂಡಿನ ಮೇಲೆ ಹಾಯಾಗಿ ಓಡಾಡಿತು, ಒಂದು ಚಿಪ್ ಕೂಡ ಬರಲಿಲ್ಲ. ಅಣ್ಣ ನಕ್ಕು ಫೀಡ್ ಹೋಲ್ಡ್ ಒತ್ತಿದರು. "ಹೊರಗಡೆ ಮೂಲೆ ಬೇರೆ, ಒಳಗಡೆ ಮೂಲೆ ಬೇರೆ. ನಿನ್ ಪ್ರೋಗ್ರಾಂ ಒಳಗಿಂದ ಎಣಿಸ್ತಿದೆ, ನೀನು ಹೊರಗೆ ಮುಟ್ಟಿಸಿದ್ದೀಯ." ಎರಡೂವರೆ, ಎರಡೂವರೆ, ಎರಡು. ಮೂರು ಸಂಖ್ಯೆ ಆಫ್‌ಸೆಟ್‌ಗೆ ಸೇರಿಸಿ ಸರಿ ಮಾಡಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಅಣ್ಣ ತಡೆಯದಿದ್ದರೂ ಈ ಸೆಟಪ್‌ನಲ್ಲಿ ದೊಡ್ಡ ಅನಾಹುತ ಆಗ್ತಿರಲಿಲ್ಲ. ಸೀಟು, ತೂತು, ಬದಿಗಳು ಎಲ್ಲವೂ ಅದೇ ತಪ್ಪು ಝೀರೋದಿಂದಲೇ ಕತ್ತರಿಸಲ್ಪಡುತ್ತಿದ್ದವು, ಹಾಗಾಗಿ ಒಂದಕ್ಕೊಂದು ಸರಿಯಾಗೇ ಇರ್ತಿದ್ದವು. ಎಡಬದಿಯಲ್ಲಿ ಗರಗಸದ ಗುರುತು ಉಳಿಯುತ್ತಿತ್ತು, ಬಲಬದಿಯಲ್ಲಿ ಜಾಸ್ತಿ ಲೋಹ ಹೋಗುತ್ತಿತ್ತು, ಅಷ್ಟೇ. ಕಚ್ಚಾ ಸ್ಟಾಕ್ ನಮ್ಮ ತಪ್ಪನ್ನು ತನ್ನ ಹೆಚ್ಚುವರಿ ದಪ್ಪದಲ್ಲಿ ನುಂಗಿಕೊಳ್ಳುತ್ತೆ. ಮೊದಲ ಸೆಟಪ್ ಅಮ್ಮನ ಹಾಗೆ, ಕ್ಷಮಿಸುತ್ತೆ.

ಎರಡನೇ ಸೆಟಪ್ ಹಾಗಲ್ಲ. ಜಾಬ್ ತಿರುಗಿಸಿ ಹಾಕಿದ ಮೇಲೆ ಈಗಾಗಲೇ ಕತ್ತರಿಸಿದ ಮುಖಗಳಿಗೆ ಹೊಸ ಕೆಲಸ ಹೊಂದಿಕೊಳ್ಳಬೇಕು. ಅಲ್ಲಿ ಝೀರೋ ಎಷ್ಟು ತಪ್ಪಿದೆಯೋ ಪಾರ್ಟ್ ಅಷ್ಟೇ ತಪ್ಪುತ್ತೆ. ಮುಚ್ಚಿಕೊಳ್ಳೋಕೆ ಹೆಚ್ಚುವರಿ ಲೋಹ ಇಲ್ಲ.

ಮೊದಲ ಸೆಟಪ್ ಮುಗೀತು, ಬೇರಿಂಗ್ ಸೀಟ್ ಚೆನ್ನಾಗಿ ಬಂತು. ಅಣ್ಣ ಟೀಗೆ ಹೊರಟರು. "ನಾನು ಬರೋವರೆಗೂ ಇರು" ಅಂದಿದ್ದರು. ನಾನು ಇರಲಿಲ್ಲ. ಅವರು ಝೀರೋ ಹಿಡಿಯೋದನ್ನ ಕಣ್ಣಾರೆ ನೋಡಿದ್ದೆನಲ್ಲ, ನನಗೂ ಬರುತ್ತೆ ಅನ್ನಿಸಿತು. ಜಾಬ್ ಎಡದಿಂದ ಬಲಕ್ಕೆ ಮಗುಚಿದೆ, ಪ್ಯಾರಲಲ್ ಮೇಲೆ ಕೂರಿಸಿ ವೈಸ್ ಬಿಗಿ ಮಾಡಿದೆ. ವೈಸ್ ಹಿಡಿದಿದ್ದ ಕಚ್ಚಾ ಪದರವನ್ನು ಫೇಸ್ ಮಾಡಿ ತೆಗೆದೆ. ಆಮೇಲೆ ಮೆಷಿನ್ ಆದ ಬದಿಗೆ ಎಡ್ಜ್ ಫೈಂಡರ್ ತಂದೆ.

ಎಡ್ಜ್ ಫೈಂಡರ್ ಅಂದ್ರೆ ಸ್ಪಿಂಡಲ್‌ಗೆ ಹಾಕೋ ಎರಡು ತುಂಡಿನ ಕಡ್ಡಿ. ಒಳಗೆ ಸ್ಪ್ರಿಂಗ್ ಇರುತ್ತೆ. ನಮ್ಮದರ ತುದಿ 10 ಮಿ.ಮೀ. ವ್ಯಾಸದ್ದು. 500 ಆರ್‌ಪಿಎಂ ಹತ್ತಿರ ತಿರುಗಿಸಿ ಮೆಲ್ಲಗೆ ಜಾಬ್ ಬದಿಗೆ ತಂದರೆ, ಅಲುಗಾಡ್ತಿದ್ದ ತುದಿ ನಿಧಾನಕ್ಕೆ ನೇರವಾಗಿ, ಮುಟ್ಟಿದ ಕ್ಷಣದಲ್ಲಿ ಪಕ್ಕಕ್ಕೆ ಜಾರುತ್ತೆ. ಆಗ ಸ್ಪಿಂಡಲ್‌ನ ಮಧ್ಯಬಿಂದು ಬದಿಯಿಂದ ಸರಿಯಾಗಿ 5 ಮಿ.ಮೀ. ದೂರ ಇದೆ ಅಂತರ್ಥ. ಎಡಬದಿಯನ್ನು ಮುಟ್ಟಿದ್ದರೆ ಸ್ಪಿಂಡಲ್ ಎಡಗಡೆ ಇದೆ, ಹಾಗಾಗಿ ಎಕ್ಸ್ ಮೈನಸ್ 5 ಅಂತ ಕೊಟ್ಟು ಮೆಷರ್ ಒತ್ತಬೇಕು. ಬಲಬದಿಯನ್ನು ಮುಟ್ಟಿದ್ದರೆ ಎಕ್ಸ್ ಪ್ಲಸ್ 5.

ಜಾಬ್ ಮಗುಚಿದಾಗ ಎಡಗಡೆ ಇದ್ದ ನನ್ನ ಆಧಾರದ ಬದಿ ಬಲಗಡೆಗೆ ಬಂದಿತ್ತು. ಅಷ್ಟು ಗೊತ್ತಿತ್ತು, ಕ್ಯಾಮ್‌ನಲ್ಲೂ ಬಲಬದಿಯನ್ನೇ ಝೀರೋ ಮಾಡಿದ್ದೆ, ಮುಟ್ಟಿಸಿದ್ದೂ ಬಲಬದಿಯನ್ನೇ. ಆದರೆ ಬೆರಳು ಮಾತ್ರ ಅಣ್ಣ ಬೆಳಿಗ್ಗೆ ಒತ್ತಿದ್ದನ್ನೇ ಒತ್ತಿತು: ಎಕ್ಸ್ ಮೈನಸ್ 5, ಮೆಷರ್.

ಪ್ಲಸ್ 5 ಇರಬೇಕಾದ ಕಡೆ ಮೈನಸ್ 5. ಸೀಲ್ ಸೀಟ್ 10 ಮಿ.ಮೀ. ಪಕ್ಕಕ್ಕೆ ಕತ್ತರಿಸಲ್ಪಟ್ಟಿತು. ಕೂಲಂಟ್ ಸರಿಸಿ ನೋಡಿದರೆ ಶಾಫ್ಟಿನ ತೂತಿನ ಪಕ್ಕ ಅರ್ಧಚಂದ್ರ. ಮೆಷಿನ್ ತಪ್ಪು ಮಾಡಲಿಲ್ಲ, ಟೂಲ್ ಮುರಿಯಲಿಲ್ಲ, ಅಲಾರಂ ಹೊಡೆಯಲಿಲ್ಲ. ನಾನು ಹೇಳಿದ್ದನ್ನು ಅದು ನೂರಕ್ಕೆ ನೂರು ಪಾಲಿಸಿತು.

ಅಣ್ಣ ವಾಪಸ್ ಬಂದು ಸ್ಕೇಲ್ ಇಟ್ಟು ನೋಡಿ, "ಹತ್ತು ಹೋಗಿದೆ. ಸೈನ್ ತಪ್ಪಿದೆ" ಅಂದರು, ಆಫ್‌ಸೆಟ್ ಪುಟ ತೆರೆಯೋಕೂ ಮುಂಚೆ. ಹೇಗೆ ಗೊತ್ತಾಯ್ತು ಅಂದೆ. 10ರ ಎಡ್ಜ್ ಫೈಂಡರ್‌ನಲ್ಲಿ ಪಾರ್ಟ್ 5 ಮಿ.ಮೀ. ಆಚೀಚೆ ಹೋದರೆ ರೇಡಿಯಸ್ ಕೊಡೋದೇ ಮರೆತಿದ್ದಾರೆ ಅಂತ, 10 ಹೋದರೆ ಕೊಟ್ಟಿದ್ದಾರೆ ಆದರೆ ಉಲ್ಟಾ ಕೊಟ್ಟಿದ್ದಾರೆ ಅಂತ. ಇನ್ನೊಂದು ಮಾತು ಹೇಳಿದರು. "ಬದಿ ಯಾಕೆ ಮುಟ್ಟಿಸ್ದೆ? ತೂತು ಇತ್ತಲ್ಲ. ಅದಕ್ಕೆ ಡಯಲ್ ಹಾಕಿ ಸೆಂಟರ್ ಹಿಡಿದಿದ್ರೆ ಮುಗೀತಿತ್ತು. ಸೀಲ್ ಕೂರಬೇಕಾಗಿರೋದು ಬೇರಿಂಗ್ ನೇರಕ್ಕೆ, ಬದಿ ನೇರಕ್ಕಲ್ಲ."

ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಮೆಟ್ರಾಲಜಿಯಲ್ಲಿ ಡೇಟಮ್ ಅಂತ ಓದಿದ್ದೆವು. ಎ, ಬಿ, ಸಿ ಅಂತ ಚೌಕದಲ್ಲಿ ಬರೆದು ಹತ್ತು ಅಂಕ ತಗೊಂಡಿದ್ದೆ. ಅದರ ಅರ್ಥ ಅವತ್ತು ಆ ಒಂದು ವಾಕ್ಯದಲ್ಲಿ ಗೊತ್ತಾಯ್ತು. ಪಾರ್ಟ್ ಯಾವುದರ ಜೊತೆ ಹೊಂದಿಕೊಂಡು ಕೆಲಸ ಮಾಡಬೇಕೋ, ಝೀರೋ ಅಲ್ಲಿಂದ ಹುಟ್ಟಬೇಕು. ಮೊದಲ ಸೆಟಪ್‌ನಲ್ಲಿ ತೂತು ಮತ್ತು ಬೇರಿಂಗ್ ಸೀಟು ಒಟ್ಟಿಗೇ ಆಗಿದ್ದವು, ಹಾಗಾಗಿ ಎರಡರ ಮಧ್ಯಬಿಂದು ಒಂದೇ. ಹಿಂದಿನಿಂದ ತೂತಿಗೆ ಡಯಲ್ ಹಿಡಿದಿದ್ದರೆ ಸೈನ್ ತಪ್ಪೋಕೆ ಅವಕಾಶವೇ ಇರ್ತಿರಲಿಲ್ಲ.

ಝಡ್ ಕೂಡ ಹಾಗೆಯೇ. ತಿರುಗಿಸಿ ಹಾಕಿದ ಜಾಬ್‌ನ ಮೇಲ್ಮುಖ ಇನ್ನೂ ಕಚ್ಚಾ. ಅಲ್ಲಿಂದ ಅಳೆದರೆ ಸ್ಟಾಕ್ ಎಷ್ಟು ದಪ್ಪ ಬಂದಿದೆಯೋ ಆ ವ್ಯತ್ಯಾಸ ನೇರ ಪಾರ್ಟ್‌ಗೆ ಇಳಿಯುತ್ತೆ. 32 ಅಂತ ಕ್ಯಾಮ್‌ನಲ್ಲಿ ಹಾಕಿ, ತಂದ ತುಂಡು 32.6 ಇದ್ದರೆ ಮುಗಿದ ಪಾರ್ಟ್ 25.6. ಅದರ ಬದಲು ಪ್ಯಾರಲಲ್‌ನ ಮೇಲ್ಮೈಯನ್ನು ಝೀರೋ ಮಾಡಿದರೆ, ಮೆಷಿನ್ ಆದ ಮುಖ ಅದರ ಮೇಲೇ ಕೂತಿರೋದ್ರಿಂದ, ದಪ್ಪ ಸರಿಯಾಗಿ 25ಕ್ಕೆ ನಿಲ್ಲುತ್ತೆ. ನನ್ನ ಪಾರ್ಟಿನಲ್ಲಿ ಸರಿ ಇದ್ದದ್ದು ದಪ್ಪ ಒಂದೇ. ಪ್ಯಾರಲಲ್ ಮೇಲೆ ಝಡ್ ತಗೋ ಅಂತ ಅಣ್ಣ ಹೋಗುವ ಮುಂಚೆ ಹೇಳಿದ್ದಕ್ಕೆ.

ವಾಪಸ್ ಬರುವಾಗ ಅಣ್ಣ ಕೇಳಿದರು, "ನಿಮ್ ಕಾಲೇಜಲ್ಲಿ ಆಫ್‌ಸೆಟ್ ಯಾರ್ ತಗೋತಾರೆ?"

"ಲ್ಯಾಬ್‌ನಲ್ಲಿ ಸರ್ ಮೊದಲೇ ತಗೊಂಡಿಟ್ಟಿರ್ತಾರೆ ಅಣ್ಣ."

"ಮತ್ತೆ ನೀವು?"

"ನಾವು ಸೈಕಲ್ ಸ್ಟಾರ್ಟ್ ಒತ್ತುತ್ತೀವಿ."

ಅವರು ಏನೂ ಅನ್ನಲಿಲ್ಲ.

ನಮ್ಮ ಲ್ಯಾಬ್ ಹೇಗೆ ನಡೆಯುತ್ತೆ ಅಂತ ಮೆಕ್ಯಾನಿಕಲ್‌ನವರಿಗೆಲ್ಲ ಗೊತ್ತು. ಪ್ರೋಗ್ರಾಂ ಬರೀತೀವಿ, ಸಿಮ್ಯುಲೇಟ್ ಮಾಡ್ತೀವಿ, ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡ್‌ಗೆ ಅಂಟಿಸ್ತೀವಿ. ಕೊನೆಗೆ ಒಂದು ದಿನ ಮೆಷಿನ್ ಸುತ್ತ ನಿಂತು ಗಾಜಿನಲ್ಲಿ ನೋಡ್ತೀವಿ. ಸಿಮ್ಯುಲೇಷನ್ ಬಗ್ಗೆ ನನಗೆ ತಕರಾರಿಲ್ಲ, ಟೂಲ್‌ಪಾತ್ ತಪ್ಪನ್ನು ಅದು ಹಿಡಿಯುತ್ತೆ. ಆದರೆ ಸ್ಟಾಕ್ ಎಲ್ಲಿದೆ ಅಂತ ನಾವು ಹೇಳಿದ್ದೀವೋ ಅಲ್ಲೇ ಇದೆ ಅಂತ ಅದು ನಂಬುತ್ತೆ. ಅಲ್ಲಿ ತುಂಡು ಯಾವಾಗಲೂ 105 × 85 × 32, ಯಾವಾಗಲೂ ಮೂಲೆಗಳು 90 ಡಿಗ್ರಿ, ವೈಸ್ ಯಾವಾಗಲೂ ನೇರ. ತಪ್ಪು ಝೀರೋವನ್ನು ಯಾವ ಸಿಮ್ಯುಲೇಷನ್ನೂ ತೋರಿಸಲ್ಲ, ಯಾಕಂದ್ರೆ ಆ ತಪ್ಪು ಸ್ಕ್ರೀನ್‌ಗೂ ಟೇಬಲ್‌ಗೂ ಮಧ್ಯೆ ಹುಟ್ಟುತ್ತೆ. ಎಂಜಿನಿಯರ್ ನಿಲ್ಲಬೇಕಾದ ಜಾಗವೂ ಅದೇ.

ನಮ್ಮ ಸರ್‌ಗಳ ಕಷ್ಟವನ್ನೂ ಹೇಳಬೇಕು. ನಾನು ಈ ವಿಷಯ ಎತ್ತಿದಾಗ ಅವರು ಕೊಟ್ಟ ಕಾರಣಗಳು ನೆಪಗಳಲ್ಲ. ಮೆಷಿನ್ ಒಂದೇ, ಅದರ ಬೆಲೆ ಲಕ್ಷಗಳಲ್ಲಿ. ಝಡ್ ಆಫ್‌ಸೆಟ್ ತಪ್ಪಿ ರ‍್ಯಾಪಿಡ್‌ನಲ್ಲಿ ಟೂಲ್ ವೈಸ್‌ಗೆ ಬಡಿದರೆ ಸ್ಪಿಂಡಲ್ ಬೇರಿಂಗ್ ಹೋಗಬಹುದು. ರಿಪೇರಿ ಬಿಲ್ ಬಂದಾಗ ಉತ್ತರ ಹೇಳಬೇಕಾದವರು ಅವರು, ನಾವಲ್ಲ. ಬ್ಯಾಚ್ ದೊಡ್ಡದು, ಸಮಯ ಕಡಿಮೆ. ಪ್ರತಿಯೊಬ್ಬರೂ ಝೀರೋ ಹಿಡೀತಾ ಕೂತರೆ ಸಿಲಬಸ್ ಮುಗಿಯೋದು ಯಾವಾಗ?

ಆದರೆ ಈ ಅಪಾಯ ಕತ್ತರಿಸುವಾಗ ಬರುವಂಥದ್ದು. ಝೀರೋ ಹಿಡಿಯೋಕೆ ಕತ್ತರಿಸಲೇಬೇಕು ಅಂತ ಇಲ್ಲ. ನನ್ನ ಸಲಹೆ ನಾಲ್ಕು.

ಒಂದು, ಪ್ರತಿ ವಿದ್ಯಾರ್ಥಿಯೂ ಎಡ್ಜ್ ಫೈಂಡರ್‌ನಿಂದ ಎರಡು ಬದಿ ಮುಟ್ಟಿಸಿ ಜಿ54 ತುಂಬಲಿ. ಆಮೇಲೆ ಎಂಡಿಐನಲ್ಲಿ ಎಕ್ಸ್ 0, ವೈ 0ಗೆ ಕಳಿಸಿ, ಝಡ್ ಅನ್ನು ಜಾಬ್‌ನಿಂದ 50 ಮಿ.ಮೀ. ಮೇಲೇ ನಿಲ್ಲಿಸಲಿ. ಸ್ಪಿಂಡಲ್ ಮೂಲೆಯ ಮೇಲೆ ನಿಂತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. 10 ಮಿ.ಮೀ. ತಪ್ಪು ಯಾರಿಗಾದರೂ ಕಾಣುತ್ತೆ. ನಾನು ಆ ಒಂದು ನಿಮಿಷ ಕೊಟ್ಟಿದ್ದರೆ ಹೌಸಿಂಗ್ ಉಳೀತಿತ್ತು.

ಎರಡು, ಮೊದಲ ಕಟ್ಟಿಂಗ್ ಮರದಲ್ಲೋ ಮೇಣದಲ್ಲೋ ಆಗಲಿ. ಸಿಂಗಲ್ ಬ್ಲಾಕ್ ಆನ್, ರ‍್ಯಾಪಿಡ್ 25 ಶೇಕಡಾ. ಅದಕ್ಕೂ ಮುಂಚೆ ಫ್ಯಾನುಕ್ ಕಂಟ್ರೋಲ್‌ನ ಎಕ್ಸ್‌ಟಿ ಆಫ್‌ಸೆಟ್‌ನಲ್ಲಿ ಝಡ್ 100 ಹಾಕಿ ಇಡೀ ಪ್ರೋಗ್ರಾಂ ಅನ್ನು ಗಾಳಿಯಲ್ಲಿ ಓಡಿಸಬಹುದು. ಮುಗಿದ ಮೇಲೆ ಆ 100 ತೆಗೆಯೋದನ್ನೂ ಕಲಿಸಬೇಕು ಅನ್ನಿ.

ಮೂರು, ಪ್ರೋಗ್ರಾಂ ಜೊತೆ ಒಂದು ಪುಟದ ಸೆಟಪ್ ಶೀಟ್ ಕಡ್ಡಾಯ ಆಗಲಿ. ಸ್ಟಾಕ್ ಅಳತೆ ಎಷ್ಟು, ವೈಸ್‌ನಲ್ಲಿ ಎಷ್ಟು ಹಿಡಿಯಬೇಕು, ಝೀರೋ ಯಾವ ಮೂಲೆ, ಕಚ್ಚಾದ್ದೋ ಮುಗಿದದ್ದೋ, ಫಿಕ್ಸ್ಡ್ ಜಾ ಯಾವ ಕಡೆ. ಕೈಯಲ್ಲಿ ಬಿಡಿಸಿದ ಚಿತ್ರ ಸಾಕು. ಬೇಕಿದ್ದರೆ ಕನ್ನಡದಲ್ಲೇ ಬರೀರಿ. ಅದನ್ನು ಓದಬೇಕಾದ ಎಷ್ಟೋ ಅಣ್ಣಂದಿರಿಗೆ ಅದೇ ಸಲೀಸು, ಬರೆಯುವ ನಮ್ಮಲ್ಲಿ ಎಷ್ಟೋ ಜನಕ್ಕೂ ಅದೇ ಸಲೀಸು.

ನಾಲ್ಕು, ವೈವಾದಲ್ಲಿ ಇದೊಂದು ಪ್ರಶ್ನೆ ಇರಲಿ: "ಝೀರೋ ಇಲ್ಲೇ ಯಾಕೆ?" ಜಿ-ಕೋಡ್‌ಗಳ ಪಟ್ಟಿ ಬಾಯಿಪಾಠ ಮಾಡಬಹುದು. ಈ ಪ್ರಶ್ನೆಗೆ ಡ್ರಾಯಿಂಗ್ ನೋಡದೆ ಉತ್ತರ ಬರಲ್ಲ.

"ಈಗ ಪ್ರೋಬ್ ಬಂದಿದೆ, ಒಂದು ಬಟನ್ ಒತ್ತಿದರೆ ಮೆಷಿನ್ ತಾನೇ ಝೀರೋ ಹಿಡಿಯುತ್ತೆ, ಇದನ್ನೆಲ್ಲ ಯಾಕೆ ಕಲೀಬೇಕು" ಅಂತ ಒಬ್ಬ ಗೆಳೆಯ ವಾದ ಮಾಡಿದ. ಟಚ್ ಪ್ರೋಬ್ ಹೊಸದೇನಲ್ಲ. 1970ರ ದಶಕದ ಆರಂಭದಲ್ಲಿ ಡೇವಿಡ್ ಮೆಕ್‌ಮರ್ಟ್ರಿ ಕಾಂಕಾರ್ಡ್ ವಿಮಾನದ ಎಂಜಿನ್‌ನ ಇಂಧನ ಪೈಪುಗಳನ್ನು ಅಳೆಯೋಕೆ ಅದನ್ನು ಕಂಡುಹಿಡಿದರು. ಅಮೆರಿಕದ ಎಂಐಟಿಯಲ್ಲಿ ಸಂಖ್ಯೆಗಳಿಂದ ನಡೆಯುವ ಮಿಲ್ಲಿಂಗ್ ಮೆಷಿನ್ ತೋರಿಸಿದ್ದು 1952ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಮೆಷಿನ್ ಬಹಳ ಕಲಿತಿದೆ, ಪ್ರೋಬ್ ಮೈಕ್ರಾನ್ ಲೆಕ್ಕದಲ್ಲಿ ಮುಟ್ಟುತ್ತೆ. ಆದರೆ ಬದಿಯನ್ನು ಮುಟ್ಟಬೇಕೋ ತೂತನ್ನು ಮುಟ್ಟಬೇಕೋ ಅಂತ ಅದಕ್ಕೆ ಹೇಳಬೇಕಾದವರು ಇವತ್ತಿಗೂ ನಾವೇ. ನನ್ನ ಕೈಗೆ ಅವತ್ತು ಪ್ರೋಬ್ ಇದ್ದಿದ್ದರೆ ಸೈನ್ ತಪ್ಪುತ್ತಿರಲಿಲ್ಲ, ನಿಜ. ಆದರೆ ಬೇರಿಂಗಿನ ನೇರ ಬಿಟ್ಟು ಬದಿಯನ್ನೇ ನಂಬುತ್ತಿದ್ದೆ.

ನಮ್ಮ ಬೆಂಗಳೂರಿನ ಬಗ್ಗೆ ಒಂದು ಮಾತು. 1953ರಲ್ಲಿ ಎಚ್‌ಎಂಟಿ ಶುರುವಾದದ್ದು ಇಲ್ಲಿ. ಸಿಎಂಟಿಐ ಇಲ್ಲೇ ಇದೆ, ಪೀಣ್ಯ ಇಲ್ಲೇ ಇದೆ, ಮೆಷಿನ್ ಟೂಲ್‌ಗಳ ದೊಡ್ಡ ಪ್ರದರ್ಶನ ಇಮ್‌ಟೆಕ್ಸ್ ತುಮಕೂರು ರಸ್ತೆಯಲ್ಲೇ ನಡೆಯುತ್ತೆ. ಮೆಷಿನ್ ಟೂಲ್‌ನ ಊರಲ್ಲಿ ಓದಿ, ಬಸ್ಸಿನಲ್ಲಿ ಹೋದರೆ ಸಿಗುವ ವರ್ಕ್‌ಶಾಪ್‌ನಲ್ಲಿ "ಝೀರೋ ಎಲ್ಲಪ್ಪಾ" ಅಂದ್ರೆ ತಬ್ಬಿಬ್ಬಾಗೋದು ನಮಗೆ ಶೋಭೆ ಅಲ್ಲ. ಡಿಪ್ಲೊಮಾ, ಐಟಿಐ ಓದಿದವರು ಅದನ್ನು ನಿದ್ದೆಗಣ್ಣಲ್ಲಿ ಮಾಡ್ತಾರೆ. ಅದು "ಆಪರೇಟರ್ ಕೆಲಸ" ಅಂತ ನಾವು ಅಂದುಕೊಂಡಿದ್ದೀವಿ, ಮುಖ್ಯ ತಪ್ಪು ಅಲ್ಲೇ ಇದೆ. ಝೀರೋ ಎಲ್ಲಿ ಇರಬೇಕು ಅನ್ನೋದು ಡಿಸೈನ್ ಮಾಡಿದವನು ತೆಗೆದುಕೊಳ್ಳಬೇಕಾದ ನಿರ್ಧಾರ. ಅದನ್ನು ಅವನು ತೆಗೆದುಕೊಳ್ಳದಿದ್ದರೆ ರಾತ್ರಿ ಶಿಫ್ಟ್‌ನಲ್ಲಿ ಇನ್ಯಾರೋ ಊಹೆಯಿಂದ ತೆಗೆದುಕೊಳ್ಳಬೇಕಾಗುತ್ತೆ, ಪಾರ್ಟ್ ಹಾಳಾದರೆ ಬೈಗುಳವೂ ಅವರಿಗೇ.

ಹೌಸಿಂಗ್ ಮತ್ತೆ ಮಾಡಿದ್ವಿ. ಮತ್ತೆ ನಾಲ್ಕು ಜನ ದುಡ್ಡು ಹಾಕಿದ್ವಿ. ಈ ಸಲ ಪೆನ್‌ಡ್ರೈವ್ ಜೊತೆ ಒಂದು ಹಾಳೆಯನ್ನೂ ತಗೊಂಡು ಹೋದೆ, ಎರಡೂ ಸೆಟಪ್‌ಗಳ ಚಿತ್ರ ಬಿಡಿಸಿ, ಝೀರೋ ಇರುವ ಕಡೆ ಕೆಂಪು ಪೆನ್ನಲ್ಲಿ ಚುಕ್ಕಿ ಇಟ್ಟು. ಅಣ್ಣ ಹಾಳೆ ನೋಡಿದರು, ಏನೂ ಕೇಳಲಿಲ್ಲ. ಡಯಲ್ ತೆಗೆದು ನನ್ನ ಕೈಗೆ ಕೊಟ್ಟು, "ನೀನೇ ಹಿಡಿ" ಅಂದರು.

ಹಾಳಾದ ಹೌಸಿಂಗ್ ಈಗ ನನ್ನ ಹಾಸ್ಟೆಲ್ ಟೇಬಲ್ ಮೇಲಿದೆ. ಮುಂದಿನ ಬ್ಯಾಚಿನ ಲ್ಯಾಬ್ ಶುರುವಾದಾಗ ಅದನ್ನು ಲ್ಯಾಬ್‌ಗೆ ಕೊಡ್ತೀನಿ ಅಂತ ಸರ್‌ಗೆ ಹೇಳಿದ್ದೀನಿ. ಮೆಷಿನ್ ಪಕ್ಕ ಇಡಲಿ. ಸೈಕಲ್ ಸ್ಟಾರ್ಟ್ ಒತ್ತೋ ಮೊದಲು ಜೂನಿಯರ್‌ಗಳು ಅದನ್ನು ಒಮ್ಮೆ ನೋಡಲಿ. ಆದರೆ ನೋಡಿದರೆ ಸಾಲದು, ನಾನೂ ನೋಡಿಯೇ ಕಲಿತೆ ಅಂದುಕೊಂಡಿದ್ದೆ. ಎಡ್ಜ್ ಫೈಂಡರ್ ಅವರ ಕೈಗೂ ಸಿಗಲಿ.